ಬಣ್ಣದ ಟ್ರಂಚನ್ನೋ, ಕಿರೀಟದ ಟಿಪ್‌ಸ್ಟಾಫೋ? ಹಳೆಯ ಬ್ರಿಟಿಷ್ ಪೊಲೀಸ್ ಕೋಲು ಕೊಳ್ಳುವ ಮುಂಚೆ

ಇಂಗ್ಲೆಂಡಿನ ಹಳೆ ಸಾಮಾನಿನ ಸಂತೆಗಳಲ್ಲಿ ಅಡ್ಡಾಡಿದವರು ಇದನ್ನು ನೋಡಿರುತ್ತೀರಿ. ಗಾಜಿನ ಪೆಟ್ಟಿಗೆಯಲ್ಲಿ ಪದಕಗಳ ಪಕ್ಕ, ಜೇಬು ಗಡಿಯಾರಗಳ ಹಿಂದೆ, ಮೊಳದುದ್ದದ ಒಂದು ಕಪ್ಪು ದೊಣ್ಣೆ ಮಲಗಿರುತ್ತದೆ. ಅದರ ಮೇಲೆ ಬಂಗಾರ ಬಣ್ಣದ ಕಿರೀಟ. ಕೆಳಗೆ ಕೆಂಪು, ನೀಲಿಯ ಲಾಂಛನ. ಇನ್ನೂ ಕೆಳಗೆ ಯಾವುದೋ ಊರಿನ ಹೆಸರು. ಇದೇ ಟ್ರಂಚನ್. ಅಲ್ಲೇ ಪಕ್ಕದಲ್ಲಿ ಗೇಣುದ್ದದ ಹಿತ್ತಾಳೆ ಕೋಲೊಂದು, ತುದಿಯಲ್ಲಿ ಲೋಹದ ಕಿರೀಟ ಹೊತ್ತು ನಿಂತಿದ್ದರೆ ಅದು ಟಿಪ್‌ಸ್ಟಾಫ್.

ನಮ್ಮ ಪೊಲೀಸರ ಸಾದಾ ಲಾಠಿ ನೋಡಿ ಬೆಳೆದವರಿಗೆ, ಹೊಡೆಯುವ ಕೋಲಿಗೆ ಇಷ್ಟೊಂದು ಸಿಂಗಾರ ಯಾಕೆ ಅನ್ನಿಸಬಹುದು. ಕಾರಣ ಸರಳ. ಹಳೆಯ ಇಂಗ್ಲೆಂಡಿನಲ್ಲಿ ಕಾನ್‌ಸ್ಟೇಬಲ್ ಅಂದರೆ ಸಂಬಳದ ಪೊಲೀಸ್ ಅಲ್ಲ. ಪ್ಯಾರಿಷ್, ಅಂದರೆ ಚರ್ಚಿನ ಸುತ್ತಲಿನ ಆಡಳಿತದ ಹಳ್ಳಿ, ತನ್ನೊಳಗಿನ ಒಬ್ಬ ರೈತನನ್ನೋ ಅಂಗಡಿಯವನನ್ನೋ ವರ್ಷದ ಮಟ್ಟಿಗೆ ಆ ಕೆಲಸಕ್ಕೆ ಹಚ್ಚುತ್ತಿತ್ತು. ಅವನಿಗೆ ಸಮವಸ್ತ್ರ ಇಲ್ಲ, ಗುರುತಿನ ಚೀಟಿ ಇಲ್ಲ. ಕೋಲಿನ ಮೇಲಿನ ರಾಜಲಾಂಛನವೇ ಅವನ ಅಧಿಕಾರ. ತಲೆಗೆ ಬೀಳುವ ಮೊದಲು ಅದು ಕಣ್ಣಿಗೆ ಬೀಳಬೇಕಿತ್ತು.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಖರೀದಿ ಊರಿನ ಹೆಸರಿರುವ, ಕೈಯಲ್ಲಿ ಬಣ್ಣ ಬರೆದ ಟ್ರಂಚನ್ ಆಗಿರಲಿ. ಬಣ್ಣ ಅಲ್ಲಲ್ಲಿ ಉದುರಿದ್ದರೂ ಪರವಾಗಿಲ್ಲ. ಟಿಪ್‌ಸ್ಟಾಫ್ ಎರಡನೆಯದೋ ಮೂರನೆಯದೋ ಆಗಲಿ. ಯಾಕೆ ಅನ್ನುವುದು ಮುಂದಿದೆ.

ಟ್ರಂಚನ್ ಮತ್ತು ಟಿಪ್‌ಸ್ಟಾಫ್

ಟ್ರಂಚನ್ ಮರದ್ದು. ಕಡೆದು ಮಾಡಿದ ದೊಣ್ಣೆ, ಸಾಮಾನ್ಯವಾಗಿ 30ರಿಂದ 50 ಸೆಂಟಿಮೀಟರ್. ಹಿಡಿಯ ಹತ್ತಿರ ಕೈ ಜಾರದಿರಲಿ ಅಂತ ಉಂಗುರದ ಗೆರೆಗಳಿರುತ್ತವೆ. ಕೆಲವಕ್ಕೆ ಚರ್ಮದ ದಾರಕ್ಕೆ ತೂತೂ ಇರುತ್ತದೆ. ಮರ ಬಗೆಬಗೆಯದು: ಆಶ್, ಬೀಚ್, ಮಹಾಗನಿ, ರೋಸ್‌ವುಡ್. ಎಲ್ಲಕ್ಕಿಂತ ಭಾರದ್ದು ಲಿಗ್ನಮ್ ವೀಟೆ. ಈ ಮರ ನೀರಿಗೆ ಹಾಕಿದರೆ ಮುಳುಗುತ್ತದೆ. (ಪರೀಕ್ಷೆ ಮಾಡಲು ಹೋಗಬೇಡಿ, ಬಣ್ಣ ಹಾಳಾಗುತ್ತದೆ.) ಬಣ್ಣ ಬರೆದ ಕೋಲುಗಳಿಗೆ ಹಲವು ಸಲ ಅಗ್ಗದ ಮರವನ್ನೇ ಬಳಸಿದ್ದಾರೆ. ಕಪ್ಪು ಬಣ್ಣದ ಅಡಿಯಲ್ಲಿ ಮರ ಯಾರಿಗೆ ಕಾಣಬೇಕು? ಹಾಗಾಗಿ ಮಾರುವವರು ‘ಅಪರೂಪದ ಮರ’ ಅಂತ ಬೆಲೆ ಏರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಅಲಂಕೃತ ಟ್ರಂಚನ್‌ನಲ್ಲಿ ನೀವು ಕೊಳ್ಳುವುದು ಬಣ್ಣವನ್ನು.

ಟಿಪ್‌ಸ್ಟಾಫ್ ಹೊಡೆಯಲಿಕ್ಕಲ್ಲ, ತೋರಿಸಲಿಕ್ಕೆ. ಬಂಧಿಸುವ ಅಧಿಕಾರ ತನಗಿದೆ ಅಂತ ಸಾರುವ ಸಣ್ಣ ಕೋಲು ಇದು. ಅರಮನೆಯ ಚೋಬ್ದಾರರ ಬೆಳ್ಳಿ ಕೋಲನ್ನು ಜೇಬಿಗೆ ಹಿಡಿಯುವಷ್ಟು ಗಿಡ್ಡ ಮಾಡಿದರೆ ಹೇಗಿರುತ್ತದೋ ಹಾಗೆ. ಹಿತ್ತಾಳೆಯದು ಹೆಚ್ಚು, ತಾಮ್ರದ್ದೂ ಉಂಟು, ಒಳ್ಳೆಯ ಪದವಿಯವರದು ಬೆಳ್ಳಿಯದು. ಹಿಡಿ ಎಬೊನಿ ಅಥವಾ ರೋಸ್‌ವುಡ್, ಕೆಲವೊಮ್ಮೆ ದಂತ. ಮ್ಯಾಜಿಸ್ಟ್ರೇಟ್ ಹೆನ್ರಿ ಫೀಲ್ಡಿಂಗ್ 1749ರಲ್ಲಿ ಲಂಡನ್ನಿನ ಬೋ ಸ್ಟ್ರೀಟ್‌ನಲ್ಲಿ ಕಟ್ಟಿದ ಪತ್ತೇದಾರರ ಪಡೆ ಹಿತ್ತಾಳೆ ಕಿರೀಟದ ಇಂಥ ಕೋಲುಗಳಿಗೆ ಹೆಸರಾಯಿತು. ಲಂಡನ್ನಿನ ಹೈಕೋರ್ಟ್‌ನಲ್ಲಿ ಟಿಪ್‌ಸ್ಟಾಫ್ ಅನ್ನುವ ಅಧಿಕಾರಿ ಇವತ್ತಿಗೂ ಇದ್ದಾರೆ. ನ್ಯಾಯಾಲಯದ ಬಂಧನದ ಆದೇಶಗಳನ್ನು ಜಾರಿ ಮಾಡುವುದು ಅವರ ಕೆಲಸ. ಸ್ಕಾಟ್ಲೆಂಡಿನಲ್ಲಿ ಕೋರ್ಟಿನ ಆದೇಶ ಜಾರಿ ಮಾಡುವ ಮೆಸೆಂಜರ್-ಅಟ್-ಆರ್ಮ್ಸ್‌ಗಳೂ ಬೆಳ್ಳಿ ಕಟ್ಟಿನ ಪುಟ್ಟ ಕೋಲು ಒಯ್ಯುತ್ತಿದ್ದರು.

ಬಹಳಷ್ಟು ಟಿಪ್‌ಸ್ಟಾಫ್‌ಗಳ ಕಿರೀಟ ತಿರುಪಿದರೆ ಬಿಚ್ಚಿಕೊಳ್ಳುತ್ತದೆ, ಒಳಗೆ ಟೊಳ್ಳು. ‘ಇದರಲ್ಲಿ ವಾರೆಂಟ್ ಸುತ್ತಿ ಇಡುತ್ತಿದ್ದರು’ ಅಂತ ಪ್ರತಿ ಮಾರಾಟಗಾರನೂ ಹೇಳುತ್ತಾನೆ. ಕತೆ ಚೆನ್ನಾಗಿದೆ. ಆದರೆ ಅದಕ್ಕಾಗಿ ಒಂದು ಪೌಂಡೂ ಜಾಸ್ತಿ ಕೊಡಬೇಡಿ. ಬೆರಳು ತೂರದಷ್ಟು ಸಣ್ಣ ಕೊಳವೆಗಳೂ ಇವೆ. ಅವುಗಳಲ್ಲಿ ಯಾವ ವಾರೆಂಟ್ ಹಿಡಿಸೀತು?

ಹಾಗಾದರೆ ಟಿಪ್‌ಸ್ಟಾಫ್ ಮೊದಲ ಖರೀದಿಗೆ ಯಾಕೆ ಬೇಡ? ಒಂದು, ಬೆಲೆ. ಸಾದಾ, ಬಣ್ಣವಿಲ್ಲದ ಟ್ರಂಚನ್ ಹತ್ತಾರು ಪೌಂಡಿಗೆ ಸಿಗುತ್ತದೆ. ಚೆಂದದ ಬಣ್ಣದ್ದು ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಪೌಂಡ್. ಹೆಸರು ಕೆತ್ತಿದ ಒಳ್ಳೆ ಟಿಪ್‌ಸ್ಟಾಫ್ ಅಲ್ಲಿಂದ ಶುರುವಾಗಿ, ಬೆಳ್ಳಿಯದಾದರೆ ಸಾವಿರದ ಆಚೆ ಹೋಗುತ್ತದೆ. ಎರಡು, ಮತ್ತು ಇದೇ ದೊಡ್ಡ ಕಾರಣ: ಹಿತ್ತಾಳೆ ಮೋಸ ಮಾಡುವಷ್ಟು ಸುಲಭವಾಗಿ ಹಳೆಯ ಬಣ್ಣ ಮೋಸ ಮಾಡುವುದಿಲ್ಲ. ಹಿತ್ತಾಳೆಯನ್ನು ಅಚ್ಚು ಹೊಯ್ಯಬಹುದು, ರಾಸಾಯನಿಕ ಹಚ್ಚಿ ಕಪ್ಪಾಗಿಸಬಹುದು. ಮುರಿದ ವಾಕಿಂಗ್ ಸ್ಟಿಕ್ಕಿನ ತಲೆಗೆ ಯಾವುದೋ ಹಿಡಿ ಜೋಡಿಸಿ ‘ಬೋ ಸ್ಟ್ರೀಟ್’ ಅಂತ ಕೂಗಬಹುದು. ಅಲಂಕಾರಕ್ಕೆಂದೇ ಹೊಸದಾಗಿ ಮಾಡಿದ ಹಿತ್ತಾಳೆ ಕೋಲುಗಳೂ ಓಡಾಡುತ್ತಿವೆ.

ಬೆಳ್ಳಿಯದರ ಮಾತು ಬೇರೆ. ಬ್ರಿಟನ್ನಿನ ಬೆಳ್ಳಿಗೆ ಹಾಲ್‌ಮಾರ್ಕ್ ಇರುತ್ತದೆ. ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಶೆಫೀಲ್ಡ್‌ಗೆ 1975ರ ತನಕ ಕಿರೀಟ. ಜೊತೆಗೆ ವರ್ಷ ಹೇಳುವ ಒಂದು ಅಕ್ಷರ. ಆ ಅಕ್ಷರದ ವರ್ಷ ಮತ್ತು ಕೆತ್ತಿದ ಬರಹದ ವರ್ಷ ಹೊಂದಿಕೊಂಡರೆ ಅರ್ಧ ಚಿಂತೆ ಕಳೆಯಿತು. ಕೈಯಲ್ಲಿ ದುಡ್ಡಿದ್ದು ಟಿಪ್‌ಸ್ಟಾಫೇ ಬೇಕು ಅಂತಿದ್ದರೆ, ಎರಡು ಹಿತ್ತಾಳೆಯದರ ಬದಲು ಒಂದು ಬೆಳ್ಳಿಯದನ್ನು ಕೊಳ್ಳಿ.

ಯಾವ ದೊರೆಯ ಕಾಲದ್ದು?

ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಕಿರೀಟದ ಕೆಳಗೆ ದೊರೆಯ ಹೆಸರಿನ ಅಕ್ಷರಗಳಿರುತ್ತವೆ. ಜಾರ್ಜ್ ಆದರೆ ಜಿ.ಆರ್., ವಿಲಿಯಂ ಆದರೆ ಡಬ್ಲ್ಯೂ.ಆರ್., ವಿಕ್ಟೋರಿಯಾ ಆದರೆ ವಿ.ಆರ್. (ಆರ್ ಅಂದರೆ ಲ್ಯಾಟಿನ್ನಿನಲ್ಲಿ ರಾಜ ಅಥವಾ ರಾಣಿ.) ನಡುವೆ ರೋಮನ್ ಅಂಕಿ ಇದ್ದರೆ ಎಷ್ಟನೆಯ ಜಾರ್ಜ್ ಅಂತ ಗೊತ್ತಾಗುತ್ತದೆ.

ಮೂರನೆಯ ಜಾರ್ಜ್ 1760ರಿಂದ 1820ರವರೆಗೆ ಆಳಿದ. ಅವನ ಕಾಲದ ಕೋಲುಗಳು ಒಂದೊಂದೂ ಒಂದೊಂದು ಥರ. ಊರಿನ ಬಣ್ಣಗಾರ ತನಗೆ ತೋಚಿದ ಹಾಗೆ ಬರೆದಿರುತ್ತಾನೆ. ಸಿಂಹ ನಾಯಿಯ ಹಾಗಿದ್ದರೂ ಆಶ್ಚರ್ಯ ಇಲ್ಲ. ನನಗೆ ಇಷ್ಟವಾಗುವುದು ಇವೇ. ಆದರೆ ಬೆಲೆಯೂ ಹಾಗೇ ಇರುತ್ತದೆ. ನಾಲ್ಕನೆಯ ಜಾರ್ಜ್‌ನದು ಹತ್ತೇ ವರ್ಷ, 1820ರಿಂದ 1830. ಅವು ಕಡಿಮೆ.

ನಾಲ್ಕನೆಯ ವಿಲಿಯಂ ಆಳಿದ್ದು ಬರೀ ಏಳು ವರ್ಷ, 1830ರಿಂದ 1837. ಲೆಕ್ಕದ ಪ್ರಕಾರ ಅವನ ಕೋಲುಗಳು ಅಪರೂಪ ಆಗಬೇಕಿತ್ತು. ಆಗಿಲ್ಲ. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೃಷಿ ಕೂಲಿಗಳು ಒಕ್ಕಣೆ ಯಂತ್ರ ಒಡೆದು ದಂಗೆ ಎದ್ದರು. 1831ರ ಅಕ್ಟೋಬರಿನಲ್ಲಿ ಮತದಾನದ ಸುಧಾರಣೆಗಾಗಿ ಬ್ರಿಸ್ಟಲ್ ಹೊತ್ತಿ ಉರಿಯಿತು. ಅದೇ ವರ್ಷ ವಿಶೇಷ ಕಾನ್‌ಸ್ಟೇಬಲ್‌ಗಳ, ಅಂದರೆ ಗಲಾಟೆಯ ಹೊತ್ತಿಗೆ ಪ್ರಮಾಣ ಮಾಡಿಸಿ ನೇಮಿಸುವ ಸಾಮಾನ್ಯ ಜನರ, ಕಾಯ್ದೆ ಬಂತು. 1835ರಲ್ಲಿ ಬಂದ ಪುರಸಭೆಗಳ ಕಾಯ್ದೆಯಿಂದ 178 ಪಟ್ಟಣಗಳು ತಮ್ಮದೇ ಪೊಲೀಸ್ ಪಡೆ ಕಟ್ಟಬೇಕಾಯಿತು. ಎಲ್ಲರಿಗೂ ಕೋಲು ಬೇಕು, ಈಗಲೇ ಬೇಕು. ಹಾಗಾಗಿ ಡಬ್ಲ್ಯೂ.ಆರ್. ಕೋಲುಗಳು ಹೇರಳ. ‘ಏಳೇ ವರ್ಷ ಆಳಿದ ದೊರೆ, ಭಾರಿ ಅಪರೂಪ’ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಹೊಸಬರಿಗೆ ನಾನು ಹೇಳುವುದೂ ಇದೇ ಕಾಲದ ಕೋಲನ್ನು. ಹಳೆಯದು, ಚೆಂದದ್ದು, ಸಿಗುವಂಥದ್ದು.

ವಿಕ್ಟೋರಿಯಾಳ ಕಾಲ ಉದ್ದ. 1837ರಿಂದ 1901. ಶುರುವಿನ ಮೂವತ್ತು ವರ್ಷಗಳ ಕೋಲು ಬೇರೆ, ಕೊನೆಯವು ಬೇರೆ. ಮೊದಮೊದಲು ಕೈಬರಹದ ಬಣ್ಣ. ಬರಬರುತ್ತಾ ಮುದ್ರಿಸಿದ ಚಿತ್ರವನ್ನು ಅಂಟಿಸಿ ಮೇಲೆ ವಾರ್ನಿಷ್ ಹೊಡೆಯುವ ಟ್ರಾನ್ಸ್‌ಫರ್ ಪದ್ಧತಿ ಬಂತು. ಸಮವಸ್ತ್ರವೇ ಗುರುತಾದ ಮೇಲೆ, ಕೋಲನ್ನು ಪ್ಯಾಂಟಿನ ಒಳಜೇಬಿನಲ್ಲಿ ಬಚ್ಚಿಡಲು ಶುರುವಾದ ಮೇಲೆ, ಅಲಂಕಾರಕ್ಕೆ ಅರ್ಥ ಉಳಿಯಲಿಲ್ಲ. ಶತಮಾನದ ಕೊನೆಗೆ ಕೋಲು ಬೋಳಾಯಿತು.

ಇಲ್ಲಿ ಒಂದು ಬಲೆ ಇದೆ. ಅಂಕಿ ಇಲ್ಲದ ಬರೀ ಜಿ.ಆರ್. ಕಂಡರೆ ಅದು ಮೂರನೆಯ ಜಾರ್ಜ್ ಅಂತ ಬರೆದು ಮಾರುವವರಿದ್ದಾರೆ. ಐದನೆಯ ಜಾರ್ಜ್‌ನೂ ಜಿ.ಆರ್. ತಾನೇ? ಅವನು 1910ರಿಂದ 1936ರವರೆಗೆ ಆಳಿದ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬೀದಿಗಿಳಿದ ವಿಶೇಷ ಕಾನ್‌ಸ್ಟೇಬಲ್‌ಗಳ ಕೋಲುಗಳು ರಾಶಿರಾಶಿ ಇವೆ. ನೂರು ವರ್ಷದ ಅಂತರಕ್ಕೆ ಬೆಲೆಯಲ್ಲಿ ಎಷ್ಟು ಅಂತರ ಅಂತ ನೀವೇ ಊಹಿಸಿ. ಕಿರೀಟದ ಅಂಚು ಎಲ್ಲಾ ಕಡೆ ಒಂದೇ ಸಮ ಇದ್ದು, ಅಕ್ಷರಗಳು ಅಚ್ಚಿನಲ್ಲಿ ಹೊಡೆದ ಹಾಗೆ ಕಂಡರೆ ಅದು ಟ್ರಾನ್ಸ್‌ಫರ್. ಮೂರನೆಯ ಜಾರ್ಜ್‌ನ ಮಾತು ಅಲ್ಲಿಗೆ ಮುಗಿಯಿತು.

ಲಾಂಛನ ಓದಲು ಕಲಿತರೆ ಅರ್ಧ ಗೆದ್ದಂತೆ

ಕಿರೀಟದ ಆಕಾರ ನೋಡಿ ಕಾಲ ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ಹಳ್ಳಿಯ ಬಣ್ಣಗಾರನಿಗೆ ಕಿರೀಟದ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಕೋಲಿನ ಮೇಲೆ ಪೂರ್ತಿ ರಾಜಲಾಂಛನ ಇದ್ದರೆ, ನಡುವಿನ ಗುರಾಣಿ ಗಟ್ಟಿ ಸಾಕ್ಷಿ ಹೇಳುತ್ತದೆ.

1800ರ ಕೊನೆಯವರೆಗೆ ಇಂಗ್ಲೆಂಡಿನ ದೊರೆಗಳು ತಾವು ಫ್ರಾನ್ಸಿಗೂ ದೊರೆಗಳು ಅಂತ ಹೇಳಿಕೊಳ್ಳುತ್ತಿದ್ದರು. ಹಾಗಾಗಿ ಗುರಾಣಿಯ ಒಂದು ಕಾಲುಭಾಗದಲ್ಲಿ ನೀಲಿಯ ಮೇಲೆ ಮೂರು ಬಂಗಾರದ ಲಿಲಿ ಹೂಗಳಿರುತ್ತವೆ. ಆ ಹೂ ಕಂಡರೆ ಲಾಂಛನ 1801ಕ್ಕಿಂತ ಮುಂಚಿನದು. 1801ರಲ್ಲಿ ಹೂ ಹೋಯಿತು. ಜರ್ಮನಿಯ ಹ್ಯಾನೋವರ್ ಸಂಸ್ಥಾನವೂ ಇದೇ ದೊರೆಗಳದ್ದಾಗಿದ್ದರಿಂದ, ಅದರ ಗುರುತಾಗಿ ನಡುವೆ ಒಂದು ಪುಟ್ಟ ಗುರಾಣಿ ಬಂತು. ಅದರ ತಲೆಯ ಮೇಲೆ ಕೆಂಪು ಟೋಪಿ. 1816ರಲ್ಲಿ ಆ ಟೋಪಿಯ ಜಾಗಕ್ಕೆ ಕಿರೀಟ ಬಂತು, ಯಾಕೆಂದರೆ ಅಷ್ಟರಲ್ಲಿ ಹ್ಯಾನೋವರ್ ರಾಜ್ಯದ ಪಟ್ಟಕ್ಕೇರಿತ್ತು. 1837ರಲ್ಲಿ ವಿಕ್ಟೋರಿಯಾ ಸಿಂಹಾಸನ ಏರಿದಳು. ಹ್ಯಾನೋವರ್ ಕಾನೂನಿನಲ್ಲಿ ಪಟ್ಟ ಗಂಡು ವಾರಸುದಾರನಿಗೆ ಹೋಗಬೇಕಿತ್ತು. ಹಾಗಾಗಿ ಅದು ಅವಳ ಚಿಕ್ಕಪ್ಪನ ಪಾಲಾಯಿತು. ಅಂದಿನಿಂದ ನಡುವಿನ ಪುಟ್ಟ ಗುರಾಣಿಯೇ ಮಾಯ. ಇಂಗ್ಲೆಂಡಿನ ಮೂರು ಸಿಂಹ ಎರಡು ಸಲ, ಸ್ಕಾಟ್ಲೆಂಡಿನ ನಿಂತ ಸಿಂಹ, ಐರ್ಲೆಂಡಿನ ಹಾರ್ಪ್ ವಾದ್ಯ. ಇಷ್ಟೇ ಉಳಿದದ್ದು, ಇವತ್ತಿಗೂ ಅಷ್ಟೇ.

ಹೂ, ಟೋಪಿ, ಕಿರೀಟ, ಖಾಲಿ. ಈ ನಾಲ್ಕನ್ನು ನೆನಪಿಟ್ಟುಕೊಂಡರೆ ಹರಾಜಿನ ಪಟ್ಟಿಯಲ್ಲಿನ ಎಷ್ಟೋ ತಪ್ಪುಗಳು ನಿಮಗೇ ಕಾಣುತ್ತವೆ. ವಿ.ಆರ್. ಅಕ್ಷರದ ಜೊತೆ ನಡುವೆ ಹ್ಯಾನೋವರ್ ಗುರಾಣಿ ಇದ್ದರೆ ಏನೋ ಎಡವಟ್ಟಾಗಿದೆ. ಹಳೆ ಕೋಲಿಗೆ ಹೊಸ ರಾಣಿಯ ಅಕ್ಷರ ಬರೆಸಿರಬಹುದು. ಹಾಗೆ ಮಾಡುತ್ತಿದ್ದರು, ಅದೂ ಸ್ವಾರಸ್ಯವೇ. ಅಥವಾ ಕಣ್ಣಮುಂದಿನ ಯಾವುದೋ ಹಳೆ ಚಿತ್ರ ನೋಡಿ ಬರೆದಿರಬಹುದು. ಅಥವಾ ನಕಲಿ.

ಊರಿನ ಲಾಂಛನವೂ ಕಾಲ ಹೇಳುತ್ತದೆ. ಮ್ಯಾಂಚೆಸ್ಟರ್ ಪಟ್ಟಣಕ್ಕೆ ಹಡಗಿನ ಚಿತ್ರವಿರುವ ಲಾಂಛನ ಸಿಕ್ಕಿದ್ದು 1842ರಲ್ಲಿ. ಅದೇ ಲಾಂಛನದ ಕೋಲನ್ನು ‘1830ರ ಆಸುಪಾಸು’ ಅಂತ ಮಾರಿದರೆ ಯಾರೋ ಲೆಕ್ಕ ತಪ್ಪಿದ್ದಾರೆ.

ಯಾರ ಕೈಯಲ್ಲಿದ್ದ ಕೋಲು?

ದೊರೆಗಿಂತ ಊರು ಮುಖ್ಯ ಅನ್ನುವುದು ನನ್ನ ಪಕ್ಷ. ವಿ.ಆರ್. ಅಂತಷ್ಟೇ ಇರುವ ಚೊಕ್ಕ ಕೋಲು ಮತ್ತು ಊರಿನ ಹೆಸರಿರುವ ಸವೆದ ಕೋಲು ಒಂದೇ ಬೆಲೆಗೆ ಇದ್ದರೆ ಕಣ್ಣು ಮುಚ್ಚಿ ಎರಡನೆಯದನ್ನು ಎತ್ತಿಕೊಳ್ಳಿ. ಮೊದಲನೆಯದರ ಬಗ್ಗೆ ಇನ್ನೇನೂ ತಿಳಿಯಲು ಸಾಧ್ಯವಿಲ್ಲ. ಎರಡನೆಯದಕ್ಕೆ ಆ ಊರಿನ ದಾಖಲೆ ಕಚೇರಿ ಇದೆ, ಪ್ಯಾರಿಷ್ ಲೆಕ್ಕದ ಪುಸ್ತಕ ಇದೆ. ಕೆಲವು ಪ್ಯಾರಿಷ್‌ಗಳ ಲೆಕ್ಕದಲ್ಲಿ ಕಾನ್‌ಸ್ಟೇಬಲ್‌ನ ಕೋಲಿಗೆ ಬಣ್ಣ ಹೊಡೆಸಿದ ಖರ್ಚೂ ಸಿಗುತ್ತದೆ.

ಪ್ಯಾರಿಷ್ ಕೋಲುಗಳಲ್ಲಿ ವೈವಿಧ್ಯ ಜಾಸ್ತಿ. ಲಂಡನ್ ಸಿಟಿಯ ವಾರ್ಡುಗಳಿಗೂ ತಮ್ಮತಮ್ಮದೇ ಕೋಲುಗಳಿದ್ದವು. ಪಟ್ಟಣದ ಪೊಲೀಸರದು ಹೆಚ್ಚು ಅಚ್ಚುಕಟ್ಟು, ಒಂದೇ ಸಲ ಹಲವು ಮಾಡಿಸಿದ್ದರಿಂದ ಸಂಖ್ಯೆಯೂ ಇರುತ್ತದೆ. 1829ರ ಸೆಪ್ಟೆಂಬರ್ 29ರಂದು ಗೃಹಮಂತ್ರಿ ರಾಬರ್ಟ್ ಪೀಲ್‌ನ ಮೆಟ್ರೊಪಾಲಿಟನ್ ಪೊಲೀಸ್ ಲಂಡನ್ನಿನ ಬೀದಿಗಿಳಿಯಿತು. ಅವರ ಕೋಲುಗಳಲ್ಲಿ ವಿಭಾಗದ ಅಕ್ಷರ ಮತ್ತು ಸಂಖ್ಯೆ ಹುಡುಕಿ. ಜಿಲ್ಲಾ ಪೊಲೀಸರು ತಡವಾಗಿ ಬಂದವರು. 1839ರ ಕಾಯ್ದೆ ‘ಬೇಕಾದರೆ ಮಾಡಿ’ ಅಂದಿತು, 1856ರ ಕಾಯ್ದೆ ‘ಮಾಡಲೇಬೇಕು’ ಅಂದಿತು. ಆ ಹೊತ್ತಿಗೆ ಅಲಂಕಾರದ ಭರಾಟೆ ಇಳಿಯುತ್ತಿತ್ತು. ಹಾಗಾಗಿ ಜಿಲ್ಲೆಯ ಹೆಸರಿನ ಒಳ್ಳೆಯ ಬಣ್ಣದ ಕೋಲು ಕಂಡರೆ ಬಿಡಬೇಡಿ.

ವಿಶೇಷ ಕಾನ್‌ಸ್ಟೇಬಲ್‌ಗಳ ಕೋಲು ಅಗ್ಗ, ಸುಲಭವಾಗಿ ಸಿಗುತ್ತದೆ. ಗಲಾಟೆಯ ದಿನ ಪ್ರಮಾಣ ಮಾಡಿಸಿ ಕೈಗೆ ಕೊಟ್ಟ ಕೋಲು ಅದು. 1848ರ ಏಪ್ರಿಲ್ 10ರಂದು ಚಾರ್ಟಿಸ್ಟರು ಮತದ ಹಕ್ಕಿಗಾಗಿ ಲಂಡನ್ನಿನ ಕೆನಿಂಗ್ಟನ್ ಬಯಲಿನಲ್ಲಿ ಸೇರಿದಾಗ, ಅವರನ್ನು ತಡೆಯಲು ಸಾವಿರಾರು ಜನ ಹೀಗೆ ಕೋಲು ಹಿಡಿದರು. ಆಗ ದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ, ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಲೂಯಿ ನೆಪೋಲಿಯನ್ ಕೂಡ ಅವರಲ್ಲೊಬ್ಬ. ಇದನ್ನು ಓದಿದ ಮೇಲೆ ‘1848’ ಅಂತ ಬರೆದ ಕೋಲಿನ ಬೆಲೆ ಯಾಕೆ ಏರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಆ ಅಂಕಿಯನ್ನು ಆಮೇಲೆ ಯಾರಾದರೂ ಸೇರಿಸಿದ್ದಾರಾ ಅಂತ ನೋಡುವುದೂ ಅಷ್ಟೇ ಮುಖ್ಯ.

ರೈಲ್ವೆ ಮತ್ತು ಬಂದರು ಕಂಪನಿಗಳ ಕೋಲುಗಳದು ಬೇರೆಯೇ ಲೋಕ. ಆ ಕಂಪನಿಗಳಿಗೆ ತಮ್ಮದೇ ಪೊಲೀಸರಿದ್ದರು. ಇವುಗಳಿಗೆ ಪೊಲೀಸ್ ವಸ್ತು ಸಂಗ್ರಹಿಸುವವರೂ ಬರುತ್ತಾರೆ, ರೈಲು ಹುಚ್ಚಿನವರೂ ಬರುತ್ತಾರೆ. ಹರಾಜಿನಲ್ಲಿ ಇಬ್ಬರ ಜಗಳದ ನಡುವೆ ಹೊಸಬ ಸಿಕ್ಕಿಹಾಕಿಕೊಳ್ಳಬಾರದು.

ಹಿಡಿಯ ಮೇಲೆ ತಯಾರಕನ ಮುದ್ರೆ ಇದ್ದರೆ ಒಳ್ಳೆಯದು. ಲಂಡನ್ನಿನ ಹೋಬರ್ನ್‌ನ ಪಾರ್ಕರ್ ಮೂಲತಃ ಬಂದೂಕು ಮಾಡುವವರು. ಪೊಲೀಸರಿಗೆ ಕೋಲು, ಕತ್ತಿ ಕೊಟ್ಟರು. ಮುಂದೆ ಅದೇ ಅಂಗಡಿ ಪಾರ್ಕರ್ ಫೀಲ್ಡ್ ಅಂತಾಯಿತು. ಬರ್ಮಿಂಗ್‌ಹ್ಯಾಮ್‌ನ ಹಯಾಟ್ ಕೈಕೋಳಕ್ಕೆ ಹೆಸರುವಾಸಿ. ಮುದ್ರೆ ಇಲ್ಲದಿದ್ದರೆ ಬೇಸರ ಬೇಡ, ಹಳ್ಳಿಯ ಕೋಲುಗಳಲ್ಲಿ ಹೆಚ್ಚಿನವಕ್ಕೆ ಇರುವುದಿಲ್ಲ.

ಸವೆದದ್ದೋ, ಹೊಸದಾಗಿ ಬಳಿದದ್ದೋ?

ಸವೆದದ್ದು. ಇದರಲ್ಲಿ ಎರಡು ಮಾತಿಲ್ಲ.

ಹಳೆಯ ಸಾದಾ ಟ್ರಂಚನ್ ಕೊಂಡು ಅದರ ಮೇಲೆ ಹೊಸ ಲಾಂಛನ ಬರೆಯುವುದು ಈ ಲೋಕದ ಮುಖ್ಯ ಮೋಸ. ಮರ ನಿಜವಾಗಿ ಹಳೆಯದೇ, ಆಕಾರ ಸರಿಯಾದದ್ದೇ, ಬಣ್ಣ ಮಾತ್ರ ಹೋದ ವರ್ಷದ್ದು. ಪತ್ತೆ ಹಚ್ಚುವುದು ಹೇಗೆ? ಗುಳಿಗಳನ್ನು ನೋಡಿ. ಕೋಲು ಕೆಲಸ ಮಾಡಿದ್ದರೆ ಮೈಮೇಲೆ ತಗ್ಗು, ಗೀರು ಇದ್ದೇ ಇರುತ್ತವೆ. ಬಣ್ಣ ಹಳೆಯದಾದರೆ ಪೆಟ್ಟು ಬಣ್ಣದ ಮೇಲೇ ಬಿದ್ದಿರುತ್ತದೆ. ಗುಳಿಯ ಅಂಚಿನಲ್ಲಿ ಬಣ್ಣ ಬಿರಿದು ಉದುರಿರುತ್ತದೆ. ಗುಳಿಯ ತಳದಲ್ಲಿ ಬಣ್ಣ ನುಣ್ಣಗೆ ಇಳಿದು ಕೂತಿದ್ದರೆ ಪೆಟ್ಟು ಮೊದಲು, ಬಣ್ಣ ಆಮೇಲೆ. ಒಂದು ಸಣ್ಣ ಭೂತಗನ್ನಡಿ ಸಾಕು ಇದಕ್ಕೆ.

ಆಮೇಲೆ ಸವೆತ ಎಲ್ಲಿದೆ ಅಂತ ನೋಡಿ. ಕೈ ಹಿಡಿಯುವ ಜಾಗ, ಮೇಜಿನ ಮೇಲೆ ಉರುಳುವಾಗ ತಾಗುವ ಉಬ್ಬು, ತುದಿ. ಇಲ್ಲೆಲ್ಲ ಸವೆದು, ತಗ್ಗಿನ ಜಾಗಗಳಲ್ಲಿ ಬಣ್ಣ ಗಟ್ಟಿಯಾಗಿ ಉಳಿದಿರಬೇಕು. ನಕಲಿ ಮಾಡುವವನು ಉಪ್ಪುಕಾಗದದಿಂದ ಎಲ್ಲಾ ಕಡೆ ಒಂದೇ ಸಮ ಉಜ್ಜಿರುತ್ತಾನೆ. ಹಳೆಯ ವಾರ್ನಿಷ್ ಹಳದಿಯಾಗಿರುತ್ತದೆ, ಅಡಿಯ ಬಿಳಿ ಕೆನೆಯಾಗಿ, ನೀಲಿ ಹಸಿರಾಗಿ ಕಾಣುತ್ತದೆ. ನೀಲಿ ನೀಲಿಯಾಗಿಯೇ ಹೊಳೆಯುತ್ತಿದ್ದರೆ ಅನುಮಾನ ಪಡಿ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಈಗ ಅಗ್ಗಕ್ಕೆ ಸಿಗುತ್ತದೆ. ಕತ್ತಲಲ್ಲಿ ಅದನ್ನು ಬಿಟ್ಟರೆ ಹಳೆಯ ವಾರ್ನಿಷ್ ಮಂದ ಹಸಿರು ಛಾಯೆಯಲ್ಲಿ ಮಿನುಗುವುದು ಸಾಮಾನ್ಯ. ಆಮೇಲೆ ತಿದ್ದಿದ ಜಾಗಗಳು ಅದರ ಮೇಲೆ ಕಪ್ಪು ಕಲೆಗಳಾಗಿ ಎದ್ದು ಕಾಣುತ್ತವೆ.

ತಿದ್ದಿದ್ದೆಲ್ಲ ಮೋಸವಲ್ಲ. ನೂರು ವರ್ಷದ ಹಿಂದೆಯೇ ಯಾರೋ ಪ್ರೀತಿಯಿಂದ ಕಿರೀಟಕ್ಕೆ ಬಂಗಾರದ ಬಣ್ಣ ಹಚ್ಚಿರಬಹುದು. ಅಂಥದ್ದನ್ನು ಕಡಿಮೆ ಬೆಲೆಗೆ ಕೊಳ್ಳಬಹುದು. ಆದರೆ ಊರಿನ ಹೆಸರಿನ ಅಕ್ಷರಗಳನ್ನೇ ತಿದ್ದಿದ್ದರೆ ಬಿಟ್ಟುಬಿಡಿ. ತಿದ್ದುವಾಗ ಹೆಸರೇ ಬದಲಾಗಿರಬಹುದು.

ಹಿತ್ತಾಳೆ ಟಿಪ್‌ಸ್ಟಾಫ್ ಆದರೆ ಕಿರೀಟದ ಮುತ್ತು, ಕಮಾನುಗಳು ಚೂಪಾಗಿವೆಯಾ ನೋಡಿ. ನಕಲಿನ ನಕಲಿಗೆ ಅಂಚು ಮೊಂಡಾಗಿರುತ್ತದೆ. ಕೆತ್ತಿದ ಬರಹದ ಒಳಗೆ ಹಳೆ ಕಿಲುಬು ಇರಬೇಕು. ತಿರುಪು ಬಿಚ್ಚಿ ಒಳಗಿನ ಲೋಹ ಹೊರಗಿನಷ್ಟೇ ಹಳೆಯದಾಗಿ ಕಾಣುತ್ತದಾ ಅಂತಲೂ ನೋಡಿ.

ಎಲ್ಲಿ ಕೊಳ್ಳುವುದು?

ಪೊಲೀಸ್ ವಸ್ತುಗಳನ್ನೇ ಮಾರುವ ವ್ಯಾಪಾರಿ ದುಬಾರಿ. ಆದರೆ ಅವನು ರಸೀದಿಯಲ್ಲಿ ಕಾಲ, ಊರು, ತಿದ್ದುಪಡಿ ಎಲ್ಲ ಬರೆದು ಕೊಡುತ್ತಾನೆ, ತಪ್ಪಿದ್ದರೆ ವಾಪಸ್ ತಗೊಳ್ಳುತ್ತಾನೆ. ಮೊದಲ ಕೋಲಿಗೆ ಇದೇ ಸರಿ. ಹರಾಜಿನಲ್ಲಿ ಅಗ್ಗ ಅನ್ನಿಸುವುದು ಸುತ್ತಿಗೆ ಬೀಳುವ ತನಕ ಮಾತ್ರ. 200 ಪೌಂಡಿಗೆ ಕೂಗಿದಿರಿ ಅನ್ನಿ. ಹರಾಜು ಮನೆಯ ಕಮಿಷನ್ ನೂರಕ್ಕೆ 25 ಅಂದರೆ 50 ಪೌಂಡ್. ಆ ಕಮಿಷನ್ ಮೇಲೆ ನೂರಕ್ಕೆ 20 ವ್ಯಾಟ್, ಅಂದರೆ ಇನ್ನು 10. ಒಟ್ಟು 260, ಸಾಗಣೆ ಬೇರೆ. ಇಂಟರ್ನೆಟ್ಟಿನಲ್ಲಿ ಬಿಡಿಯಾಗಿ ಮಾರುವವರ ಹತ್ತಿರ ಕೊಳ್ಳುವುದಾದರೆ ಹಗಲು ಬೆಳಕಿನಲ್ಲಿ, ಸುತ್ತ ನಾಲ್ಕೂ ಕಡೆಯಿಂದ ತೆಗೆದ ಫೋಟೋ ಕೇಳಿ. ಕೊಡದಿದ್ದರೆ ಸುಮ್ನೆ ಮುಂದೆ ಹೋಗಿ.

ಬ್ರಿಟನ್ನಿನಲ್ಲಿ ಇರುವವರಿಗೆ ಒಂದು ಅನುಕೂಲ ಉಂಟು. ಕೊಳ್ಳುವ ಮೊದಲು ಅಸಲಿಯನ್ನು ಕಣ್ತುಂಬ ನೋಡಬಹುದು. ಮ್ಯಾಂಚೆಸ್ಟರ್‌ನ ಪೊಲೀಸ್ ಮ್ಯೂಸಿಯಂ, ಯಾರ್ಕ್‌ಶೈರಿನ ರಿಪನ್‌ನಲ್ಲಿರುವ ಜೈಲು ಮತ್ತು ಪೊಲೀಸ್ ಮ್ಯೂಸಿಯಂ, ಎರಡೂ ಇದಕ್ಕೆ ಒಳ್ಳೆಯವು. ಹೋಗುವ ಮುಂಚೆ ಬಾಗಿಲು ತೆರೆಯುವ ದಿನ ನೋಡಿಕೊಳ್ಳಿ.

ಕಾನೂನಿನ ಗೆರೆ

ಹಳೆಯದಕ್ಕೂ ಹೊಸದಕ್ಕೂ ನಡುವೆ ಆರಿಸುವಾಗ ಇದು ರುಚಿಯ ಪ್ರಶ್ನೆಯಷ್ಟೇ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾರುವಂತಿಲ್ಲದ, ತರಿಸುವಂತಿಲ್ಲದ ಆಯುಧಗಳ ಪಟ್ಟಿಗೆ 2004ರಲ್ಲಿ ಪೊಲೀಸ್ ಟ್ರಂಚನ್ ಸೇರಿತು. 2021ರಿಂದ ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ನೂರು ವರ್ಷ ದಾಟಿದ್ದಕ್ಕೆ ವಿನಾಯಿತಿ ಇದೆ. ಹಾಗಾಗಿ ವಿಲಿಯಂ, ವಿಕ್ಟೋರಿಯಾ ಕಾಲದವಕ್ಕೆ ತೊಂದರೆ ಇಲ್ಲ. ಎರಡನೆಯ ಮಹಾಯುದ್ಧದ ಕಾಲದ ಅಗ್ಗದ ಕೋಲಿಗೆ ಆಸೆಪಟ್ಟರೆ ತೊಂದರೆ ಇದೆ. 1926ರ ಸಾರ್ವತ್ರಿಕ ಮುಷ್ಕರದ ಕೋಲುಗಳು 2026ರಲ್ಲಷ್ಟೇ ಆ ಗೆರೆ ಮುಟ್ಟುತ್ತವೆ. ವರ್ಷ ಖಚಿತವಾಗಿ ಹೇಳಲಾಗದ ಇಪ್ಪತ್ತನೇ ಶತಮಾನದ ಸಾದಾ ಕೋಲನ್ನು ನಾನಂತೂ ಮುಟ್ಟುವುದಿಲ್ಲ.

ದಂತದ ಹಿಡಿಯ ಟಿಪ್‌ಸ್ಟಾಫ್ ಬೇಡವೇ ಬೇಡ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್‌ನಿಂದ ಜಾರಿಯಲ್ಲಿದೆ. ಕೆಲವೇ ವಿನಾಯಿತಿ ಬಿಟ್ಟರೆ ದಂತದ ವ್ಯಾಪಾರ ನಿಂತಿದೆ. ಭಾರತಕ್ಕೆ ತರುವ ಯೋಚನೆಯನ್ನೇ ಬಿಡಿ.

ಬೆಂಗಳೂರಿಗೋ ಮಂಗಳೂರಿಗೋ ಮರದ ಕೋಲು ತರುವವರು ಎರಡು ವಿಷಯ ಗಮನಿಸಿ. ಲಿಗ್ನಮ್ ವೀಟೆ ಮತ್ತು ರೋಸ್‌ವುಡ್ ಜಾತಿಗಳು ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಹಾಗಾಗಿ ಮರ ಯಾವುದು, ಕಾಗದ ಬೇಕಾ ಅಂತ ಮಾರುವವನಿಂದ ಮೊದಲೇ ಬರೆಸಿಕೊಳ್ಳಿ. ಆಶ್, ಬೀಚ್ ಆದರೆ ಈ ತಲೆನೋವಿಲ್ಲ. ಇನ್ನೊಂದು, ವಿಮಾನದಲ್ಲಿ ಕೈಚೀಲಕ್ಕೆ ಹಾಕಿಕೊಂಡು ಹೊರಟರೆ ಸೆಕ್ಯುರಿಟಿಯಲ್ಲೇ ಕೋಲಿಗೆ ವಿದಾಯ. ಚೆಕ್-ಇನ್ ಲಗೇಜಿಗೆ ಹಾಕಿ, ಕಾಲ ಮತ್ತು ಬೆಲೆ ಬರೆದ ರಸೀದಿ ಕೈಯಲ್ಲಿಟ್ಟುಕೊಳ್ಳಿ.

ಜೇಬಿಗೆ ತಕ್ಕ ಹಾಗೆ

ನೂರು ಪೌಂಡಿನ ಒಳಗಾದರೆ ವಿಕ್ಟೋರಿಯಾ ಕಾಲದ ಸವೆದ ಕೋಲು, ಅಥವಾ ಮೊದಲ ಮಹಾಯುದ್ಧದ ವಿಶೇಷ ಕಾನ್‌ಸ್ಟೇಬಲ್‌ನದು. ಎರಡರಲ್ಲಿ ನನ್ನ ಆಯ್ಕೆ ಮೊದಲನೆಯದು, ಅರ್ಧ ಅಕ್ಷರ ಅಳಿಸಿದ್ದರೂ ಸರಿ. ಎರಡು ಮೂರು ನೂರು ಇದ್ದರೆ ಊರಿನ ಹೆಸರಿರುವ ವಿಲಿಯಂ ಕಾಲದ್ದಕ್ಕೆ ಕಾಯಿರಿ. ಕಾದರೆ ಸಿಗುತ್ತದೆ. ಐದುನೂರರ ಮೇಲೆ ಹೋಗುವುದಾದರೆ ಹೂವಿನ ಲಾಂಛನದ, 1801ಕ್ಕಿಂತ ಹಿಂದಿನ ಪ್ಯಾರಿಷ್ ಕೋಲು ಒಂದು ಕಡೆ, ಹೆಸರು ಕೆತ್ತಿದ ಹಿತ್ತಾಳೆ ಟಿಪ್‌ಸ್ಟಾಫ್ ಇನ್ನೊಂದು ಕಡೆ. ಎಷ್ಟು ಸಲ ಕೇಳಿದರೂ ನಾನು ಪ್ಯಾರಿಷ್ ಕೋಲಿನ ಕಡೆಗೇ.

ಮನೆಗೆ ತಂದ ಮೇಲೆ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಹಿತ್ತಾಳೆಗೆ ಪಾಲಿಶ್ ಹಾಕಿ ಫಳಫಳ ಮಾಡಬೇಡಿ, ಅರ್ಧ ಬೆಲೆ ಅಲ್ಲೇ ಹೋಗುತ್ತದೆ. ಬಣ್ಣದ ಮೇಲೆ ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ. ಮೆತ್ತನೆ ಒಣ ಬ್ರಷ್ ಸಾಕು. ಬಿಸಿಲು ಬೀಳುವ ಗೋಡೆ ಬೇಡ. ಕರಾವಳಿಯಲ್ಲಿ ಮಳೆಗಾಲದ ಮುಂಚೆ ಹಿಡಿಯ ಬುಡದಲ್ಲಿ ಹುಳು ತಿಂದ ಹೊಸ ಪುಡಿ ಇದೆಯಾ ಅಂತ ಒಮ್ಮೆ ನೋಡಿ. ಪುಡಿ ಕಂಡರೆ ಬೇರೆ ಮರದ ಸಾಮಾನಿನಿಂದ ದೂರ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಬಲ್ಲವರನ್ನು ಕೇಳಿ.